ಎದ್ದು ನಿಂತದ್ದು ಮಗಳು

ಪಕ್ಕದ ಮನೆಯ ಅಕ್ಕನೂ ನಾನೂ ಜಗುಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆವು. ಅವರ ತೆಂಗಿನ ತೋಟದ ಅಂಚಿನಲ್ಲಿ ಎರಡು ಹುಣಸೆಮರಗಳಿವೆ. ಬೇಸಿಗೆ ಬಂತೆಂದರೆ ಎರಡು ಚೀಲ ಹಣ್ಣು ನಮ್ಮ ಜಗುಲಿಗೆ ಬರುತ್ತದೆ, ಯಾಕೆಂದರೆ ಅವರ ಮನೆಯ ಮುಂದೆ ಕೊಬ್ಬರಿ ಹರಡಿರುತ್ತದೆ, ಕೂರಲು ಜಾಗವಿರುವುದಿಲ್ಲ. ಸಿಪ್ಪೆ ಒಡೆದು, ನಾರೆಳೆದು, ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬೀಜ ತೆಗೆಯಬೇಕು. ಒಂದು ಗಂಟೆ ಕೂತರೆ ಬೆರಳುಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಬೆಳಿಗ್ಗೆ ನನ್ನ ಕಣ್ಣು ಕಿಟಕಿಯಲ್ಲಿಟ್ಟ ಫೋನಿನ ಮೇಲೇ ಇತ್ತು. ಒಂದೆರಡು ಸಲ ಸುತ್ತಿಗೆ ಬೆರಳಿನ ಮೇಲೇ ಬಿತ್ತು.

ನನ್ನ ಇಬ್ಬರು ಮಕ್ಕಳೂ ಹಳೇಬೀಡಿನ ಹತ್ತಿರದ ಬೇಸಿಗೆ ಶಿಬಿರಕ್ಕೆ ಹೋಗಿದ್ದರು. ರಜೆಯಲ್ಲಿ ಖಾಲಿ ಬಿದ್ದಿರುವ ಒಂದು ಶಾಲೆಯನ್ನು ಕೇಳಿ ಪಡೆದು, ಸುತ್ತಲಿನ ತಾಲ್ಲೂಕುಗಳ ನಮ್ಮ ಚರ್ಚು ಸಭೆಗಳ ಮಕ್ಕಳನ್ನೂ ಯುವಕರನ್ನೂ ಸೇರಿಸಿ ಐದು ದಿನ ಪಾಠ, ಹಾಡು, ಆಟ, ಪ್ರಾರ್ಥನೆ ನಡೆಸುತ್ತಾರೆ. ಮೊದಲ ದಿನವೇ ಎಲ್ಲರ ಫೋನನ್ನೂ ಒಂದು ಟ್ರಂಕಿಗೆ ಹಾಕಿ ಬೀಗ ಜಡಿಯುತ್ತಾರೆ. ಕೊನೆಯ ಸಾಯಂಕಾಲ ಸಮರ್ಪಣಾ ಕೂಟ. ದೇವರು ತನ್ನನ್ನು ಸೇವೆಗೆ ಕರೆದಿದ್ದಾರೆ ಎಂದು ಯಾರ ಮನಸ್ಸಿಗೆ ನಿಜವಾಗಿ ಅನ್ನಿಸುತ್ತದೋ ಅವರು ಆ ಕೂಟದಲ್ಲಿ ಎದ್ದು ನಿಲ್ಲುತ್ತಾರೆ. ಒತ್ತಾಯವೇನಿಲ್ಲ. ಎಷ್ಟೋ ವರ್ಷ ಒಬ್ಬರೂ ನಿಲ್ಲದೆ ಕೂಟ ಮುಗಿದದ್ದಿದೆ. ಮರುದಿನ ಉಪ್ಪಿಟ್ಟು ತಿಂದ ಮೇಲೆ ಟ್ರಂಕಿನ ಬೀಗ ತೆಗೆಯುತ್ತಾರೆ. ನಾನು ಕಾಯುತ್ತಿದ್ದದ್ದು ಆ ಬೀಗ ತೆಗೆಯುವ ಹೊತ್ತಿಗೆ.

ಫೋನು ಬಡಿದುಕೊಂಡಿತು. ನನ್ನ ಕೈಯಲ್ಲಿ ಮುಟ್ಟುವ ಹಾಗಿರಲಿಲ್ಲ. ಅಕ್ಕ ತಮ್ಮ ಕಿರುಬೆರಳನ್ನು ಸೆರಗಿಗೆ ಒರೆಸಿ ಒತ್ತಿದರು. ಎಲ್ಲಿ ಒತ್ತಿದರೋ, ಮಗಳ ದನಿ ಜಗುಲಿಗೆಲ್ಲ ಕೇಳಿಸಿತು.

"ಅಮ್ಮ, ನಿನ್ನೆ ಕೂಟದಲ್ಲಿ ನಾನು ಎದ್ದು ನಿಂತೆ. ಮಿಷನ್ ಸೇವೆಗೆ ಹೋಗ್ತೀನಮ್ಮ."

ಆಗ ನನ್ನ ಬಾಯಿಂದ ಬಂದ ಮೊದಲ ಮಾತನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ನಾನು ಕೇಳಿದ್ದು, "ಅಣ್ಣ? ಅಣ್ಣ ನಿಲ್ಲಲಿಲ್ವಾ?"

ಆ ಕಡೆ ಯಾರೋ ಪಾತ್ರೆ ಎಳೆಯುವ ಸದ್ದು. ಆಮೇಲೆ ಅವಳು, ಇಲ್ಲಮ್ಮ, ಅವನು ಜನರೇಟರ್ ಬಿಚ್ಚುತ್ತಿದ್ದಾನೆ, ಮೂರು ಗಂಟೆಯ ಬಸ್ಸಿಗೆ ಬರುತ್ತೇವೆ ಎಂದು ಹೇಳಿ ಇಟ್ಟುಬಿಟ್ಟಳು.

ನನ್ನ ಆ ಮಾತಿನ ಬೇರು ಇಪ್ಪತ್ತನಾಲ್ಕು ವರ್ಷ ಹಿಂದಿನದು. ನನ್ನ ತವರು ಬೇಲೂರು. ಮಗ ಅಲ್ಲಿ ಏಳು ತಿಂಗಳಿಗೇ ಹುಟ್ಟಿದ. ಅಂಗೈಯಗಲದ ಕೂಸು. ಅಳುವುದಕ್ಕೂ ಶಕ್ತಿಯಿರಲಿಲ್ಲ, ಬಾಯಿ ತೆರೆದು ಮುಚ್ಚುತ್ತಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಹರಕೆ ಹೊತ್ತೆ: ಇವನನ್ನು ಉಳಿಸಿಕೊಡಿ, ನಿಮ್ಮ ಸೇವೆಗೇ ಬಿಡುತ್ತೇನೆ. ಮಗು ಉಳಿಯಿತು. ಮೂರನೆಯ ವಾರ ಹಾಲು ಎಳೆದು ಕುಡಿಯಿತು.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇದೆ. ಮನೆಯಲ್ಲಿ ಒಳ್ಳೆಯದೇನಾದರೂ ನಡೆದರೆ, ಹೆರಿಗೆಯಾಗಲಿ, ಪರೀಕ್ಷೆ ಪಾಸಾಗಲಿ, ಜ್ವರ ಬಿಡಲಿ, ಭಾನುವಾರದ ಆರಾಧನೆಯಲ್ಲಿ ಮನೆಮಂದಿಯೆಲ್ಲ ಮುಂದೆ ಹೋಗಿ ನಿಂತು, ನಡೆದದ್ದನ್ನು ತಮ್ಮ ಬಾಯಿಂದಲೇ ಹೇಳಿ ಸ್ತೋತ್ರ ಸಲ್ಲಿಸಬೇಕು. ನಾನು ಕೂಸನ್ನೆತ್ತಿಕೊಂಡು ನಿಂತು ಹರಕೆಯನ್ನೂ ಎಲ್ಲರೆದುರು ಹೇಳಿಬಿಟ್ಟೆ. ಇಡೀ ಸಭೆ ಕಣ್ಣೊರೆಸಿಕೊಂಡಿತು. ಅಂದಿನಿಂದ ಅವನು ಎಲ್ಲರಿಗೂ "ಚಿಕ್ಕ ಅಯ್ಯನೋರು". ನಮ್ಮಲ್ಲಿ ಸಭಾಪಾಲಕರನ್ನು ಅಯ್ಯನವರು ಅಂತ ಕರೆಯುತ್ತೇವೆ. ಮೂರು ವರ್ಷದ ಮಗು ಚಡ್ಡಿ ಒದ್ದೆ ಮಾಡಿಕೊಂಡರೂ, "ನೋಡ್ರಪ್ಪ, ಚಿಕ್ಕ ಅಯ್ಯನೋರು ಏನು ಮಾಡ್ಕೊಂಡವ್ರೆ" ಅನ್ನುವರು. ನಿವೃತ್ತರಾದ ಒಬ್ಬ ಉಪದೇಶಿಗಳು ತಮ್ಮ ಚರ್ಮದ ಚೀಲವನ್ನು ಅವನಿಗೆಂದೇ ಕೊಟ್ಟು ತೀರಿಕೊಂಡರು. ಕ್ರಿಸ್ಮಸ್ಸಿನಲ್ಲಿ ಅವನಿಗೆ ಕಜ್ಜಾಯ ಎರಡು, ಉಳಿದ ಮಕ್ಕಳಿಗೆ ಒಂದು.

ಮೂರು ವರ್ಷಕ್ಕೆ ಮಗಳು ಹುಟ್ಟಿದಳು. ದಿನ ತುಂಬಿ, ಸರಿಯಾದ ತೂಕದಲ್ಲಿ, ಯಾವ ಗೋಳೂ ಕೊಡದೆ. ಅವಳಿಗಾಗಿ ಯಾರೂ ಹರಕೆ ಹೊರಲಿಲ್ಲ. ಮುಂದೆ ಹೋಗಿ ಸ್ತೋತ್ರ ಹೇಳಿ, ಬಂದು ಕೂತೆವು.

ಮಗನಿಗೆ ಹನ್ನೆರಡು ತುಂಬಿದಾಗಿನಿಂದ ಪ್ರತಿ ಬೇಸಿಗೆ ಶಿಬಿರಕ್ಕೆ ಕಳಿಸಿದೆ. ಸಮರ್ಪಣಾ ಕೂಟದ ದಿನ ನಾನಿಲ್ಲಿ ಉಪವಾಸ. ಮರುದಿನ ಅವನು ಬಸ್ಸಿಳಿದು ಬಂದರೆ ಪರೀಕ್ಷೆಯ ಫಲಿತಾಂಶ ನೋಡುವಂತೆ ಮುಖ ನೋಡುತ್ತಿದ್ದೆ. ಅವನು ಕಣ್ಣು ತಪ್ಪಿಸಿ, ಊಟಕ್ಕೆ ಏನಿದೆ ಅನ್ನುತ್ತಿದ್ದ. ಇರಲಿ, ಮುಂದಿನ ವರ್ಷ ಅಂದುಕೊಳ್ಳುತ್ತಿದ್ದೆ. ಹೀಗೆ ಮುಂದಿನ ವರ್ಷಗಳೇ ಹನ್ನೆರಡಾದವು. ಈಗ ಅವನು ಬಸ್ ನಿಲ್ದಾಣದ ಹತ್ತಿರ ಬ್ಯಾಟರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಶಿಬಿರದಲ್ಲಿ ಕರೆಂಟು, ಮೈಕು ಎಲ್ಲ ಅವನದೇ. ಮಗಳು ಬಿ.ಎ. ಮುಗಿಸಿ ಬಿ.ಎಡ್. ಸೇರುವ ಮಾತಾಡುತ್ತಿದ್ದಳು. ಶಿಬಿರದ ಚಿಕ್ಕ ಹೆಣ್ಣುಮಕ್ಕಳನ್ನು ನೋಡಿಕೊಳ್ಳಬೇಕಿದ್ದ ಬಾಣಾವರದ ಹುಡುಗಿಗೆ ಇದ್ದಕ್ಕಿದ್ದಂತೆ ಮದುವೆ ಗೊತ್ತಾದ್ದರಿಂದ, ಈ ಸಲ ಅವಳ ಬದಲಿಗೆ ಇವಳನ್ನು ಕಳಿಸಿದೆ. ಬೇಸನ್ನಿನ ತಳಕ್ಕೆ ಉಳಿದ ಹಿಟ್ಟು ತಟ್ಟಿ ಒಂದು ರೊಟ್ಟಿ ಮಾಡುವ ಹಾಗೆ.

ಫೋನಿಟ್ಟ ಮೇಲೆ ಪಕ್ಕದ ಮನೆಯ ಅಕ್ಕ ನನ್ನನ್ನೇ ನೋಡಿದರು.

"ಯಾಕೆ ಹಂಗಂದೆ ಅದಕ್ಕೆ? ಎಷ್ಟು ಖುಷಿಯಾಗಿ ಹೇಳ್ತು ಮಗು."

ನಾನು ಇನ್ನೊಂದು ಹಣ್ಣು ಒಡೆದೆ. ಅವರು ಬೀಜ ತಟ್ಟುತ್ತಲೇ ತಮ್ಮ ತವರಿನ ಸುದ್ದಿ ತೆಗೆದರು. ಅವರು ಲಿಂಗಾಯತರು. ಅವರ ತಮ್ಮನನ್ನು ಒಂಬತ್ತು ವರ್ಷಕ್ಕೇ ಮಠಕ್ಕೆ ಮರಿಯಾಗಿ ಬಿಟ್ಟರಂತೆ, ಅಂದರೆ ಮುಂದೆ ಸ್ವಾಮಿಯಾಗಲು. ಅಂದಿನಿಂದ ಅವನು ಮನೆಯ ಮಗನಲ್ಲ. ತಾಯಿ ನೋಡಬೇಕೆಂದರೂ ಭಕ್ತರ ಸಾಲಿನಲ್ಲಿ ನಿಂತು, ಕಾಲಿಗೆ ಬಿದ್ದು, ಕಲ್ಲುಸಕ್ಕರೆ ಇಸಿದುಕೊಂಡು ಬರಬೇಕು. ಒಂದು ಸಲ ತಾಯಿ ಹಾಗೆ ಬಾಗಿದಾಗ ಮರಿಸ್ವಾಮಿಗಳು ಆಶೀರ್ವಾದ ಮಾಡುತ್ತಲೇ ಮೆಲ್ಲಗೆ, ಕೋಡುಬಳೆ ತಂದಿದ್ದೀಯಾ ಅಂತ ಕೇಳಿದರಂತೆ. ಹೇಳುತ್ತ ಅಕ್ಕ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿಸಿ ಅಂದರು:

"ನಮ್ಮನೇಲಿ ಗಂಡು ಹುಡುಗನ್ನ ಕೇಳಿದ್ರು, ನನ್ನ ಯಾರೂ ಕೇಳ್ಲಿಲ್ಲ. ಕೇಳಿದ್ರೆ ನಾನೇ ಹೋಯ್ತಿದ್ದೆ ಕಣೆ. ನಿಮ್ಮ ದ್ಯಾವ್ರು ಹೆಣ್ಮಕ್ಕಳನ್ನೂ ಕೇಳ್ತಾನಲ್ಲ, ನೀನ್ಯಾಕೆ ಮಕ ಊದಿಸ್ಕೊಂಡಿದ್ದೀಯ?"

ಐದು ಗಂಟೆಗೆ ಇಬ್ಬರೂ ಬಂದರು. ಮಗ ಸ್ಪೀಕರ್ ಡಬ್ಬ ಹೊತ್ತಿದ್ದ. ಮಗಳ ಮುಖ ಬಿಸಿಲಿಗೆ ಕಪ್ಪಾಗಿತ್ತು, ಬೈತಲೆ ಸೊಟ್ಟಗಿತ್ತು, ಕಣ್ಣು ಮಾತ್ರ ಬೇರೆ ಥರ ಇತ್ತು. ನನ್ನನ್ನು ನೋಡಿ ಅತಿಥಿಯ ಹಾಗೆ ಒಂದು ನಗೆ ನಕ್ಕು ಒಳಗೆ ಹೋದಳು. ಅಕ್ಕಿರೊಟ್ಟಿಗೆ ಎಣ್ಣೆಗಾಯಿ ಮಾಡಿಟ್ಟಿದ್ದೆ. ಬಡಿಸುವಾಗ ಹೊಳೆಯಿತು, ಅದು ಮಗನಿಗೆ ಇಷ್ಟದ್ದು. ಮಗಳಿಗೆ ಏನಿಷ್ಟ ಎಂದು ಸೌಟು ಹಿಡಿದುಕೊಂಡು ಯೋಚಿಸಬೇಕಾಯಿತು. ಅವಳು ಯಾವತ್ತೂ ಇಟ್ಟದ್ದನ್ನು ಉಂಡು ಎದ್ದವಳು.

ಊಟವಾದ ಮೇಲೆ ಮಗ ತನ್ನ ತಟ್ಟೆ ತಾನೇ ತೊಳೆದು, ಅಡಿಗೆಮನೆಯಲ್ಲಿ ಮಣೆ ಎಳೆದುಕೊಂಡು ಕೂತ. ಕಾಲಿನ ಉಗುರು ನೋಡಿಕೊಂಡೇ ಮಾತಾಡಿದ.

"ಅಮ್ಮ, ಹನ್ನೆರಡು ವರ್ಷ ಆ ಕೂಟದಲ್ಲಿ ಕಣ್ಣು ಮುಚ್ಕೊಂಡು ಕೂತಿದ್ದೀನಿ. ಒಂದು ಸಲಾನೂ ನನಗೆ ಏನೂ ಕೇಳಿಸಲಿಲ್ಲ. ಎರಡು ಸಲ ಎದ್ದುಬಿಡೋಣ ಅಂತ ಕಾಲು ಊರಿದ್ದೆ. ದೇವರಿಗೋಸ್ಕರ ಅಲ್ಲ. ನಿನಗೋಸ್ಕರ."

ಒಲೆಯ ಮೇಲೆ ಹಾಲಿತ್ತು. ಉಕ್ಕುವ ಮೊದಲು ಆರಿಸಿದೆ, ಅದೊಂದು ಕೃಪೆ. ಅಷ್ಟು ವರ್ಷ ಆ ಹುಡುಗನ ಬೆನ್ನ ಮೇಲೆ ನಾನು ಏನು ಹೊರಿಸಿದ್ದೆ ಎಂದು ಅವತ್ತು ಗೊತ್ತಾಯಿತು. ನನಗೆ ಬೇಜಾರಾಗುತ್ತದೆ ಅಂತ ಬೇರೆ ಊರಿನ ಕೆಲಸ ಬಿಟ್ಟಿದ್ದನಂತೆ. ಚಿಕ್ಕ ಅಯ್ಯನೋರು ಅನ್ನುವವರು ಎದುರಾದರೆ ಬೇರೆ ಬೀದಿ ಹಿಡಿಯುತ್ತಿದ್ದನಂತೆ. ಅದನ್ನೆಲ್ಲ ಹೇಳಿ ಮುಗಿಸುವಾಗ ಅವನ ಮುಖದಲ್ಲಿ ನಗು ಬಂತು. ನಿನ್ನೆ ಕೂಟದಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಸದ್ದಾಯಿತಂತೆ, ಯಾರಿಗೋ ಹೊಟ್ಟೆ ಕೆಟ್ಟಿರಬೇಕು ಅಂದುಕೊಂಡು ತಿರುಗಿ ನೋಡಿದರೆ ತಂಗಿ. "ಅವಳ ಮುಖ ನೀನು ನೋಡ್ಬೇಕಿತ್ತಮ್ಮ. ನಾನು ಮೈಕ್ ಆಫ್ ಮಾಡೋದೇ ಮರೆತೆ."

ಮರುದಿನ ಮಗಳು ಹಿತ್ತಲಲ್ಲಿ ಶಿಬಿರದ ಬಟ್ಟೆ ಒಗೆಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮೊದಲಿಂದ ಹೇಳೇ ಅಂದೆ. ಅವಳು ಒಂದು ದುಪ್ಪಟ್ಟವನ್ನು ಮೂರು ಸಲ ಹಿಂಡಿದಳು. ಆಮೇಲೆ ಶುರುಮಾಡಿದವಳು ಬಟ್ಟೆ ಒಣಗುವವರೆಗೂ ನಿಲ್ಲಿಸಲಿಲ್ಲ.

ಒರಿಸ್ಸಾದ ಗುಡ್ಡಗಾಡಿನಲ್ಲಿ ಮಿಷನ್ ನಡೆಸುವ ಒಂದು ಮಕ್ಕಳ ಹಾಸ್ಟೆಲಿನಿಂದ ವಯಸ್ಸಾದ ಸಿಸ್ಟರ್ ಒಬ್ಬರು ಶಿಬಿರಕ್ಕೆ ಬಂದಿದ್ದರಂತೆ. ಕನ್ನಡದವರೇ, ಮೂವತ್ತು ವರ್ಷದಿಂದ ಅಲ್ಲಿದ್ದಾರೆ. ಅವರ ಪ್ರಸಂಗಕ್ಕೆ, ಅಂದರೆ ಬೋಧನೆಗೆ, ಅರ್ಧ ಮಕ್ಕಳು ತೂಕಡಿಸಿದರಂತೆ. ಮಧ್ಯಾಹ್ನ ಅಡಿಗೆಯವರ ಹತ್ತಿರ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತ, ತಮ್ಮ ಹಾಸ್ಟೆಲಿನ ಮಕ್ಕಳ ಸುದ್ದಿ ಹೇಳಿದರಂತೆ. ಹೊಸದಾಗಿ ಬಂದ ಮಕ್ಕಳು ಮಂಚದ ಮೇಲೆ ಮಲಗಲು ಹೆದರಿ ಕೆಳಗೆ ಮಲಗುತ್ತವೆ, ಹಾಗಾಗಿ ನಾನೂ ಮೊದಲ ವಾರ ಕೆಳಗೇ ಮಲಗುತ್ತೇನೆ, ಈಗ ಮಂಡಿ ನೋವು, ಏಳಲು ಕಷ್ಟ ಎಂದು. ಯಾರಾದರೂ ಬನ್ನಿ ಎಂದು ಅವರು ಕೇಳಲೇ ಇಲ್ಲವಂತೆ.

"ಕೇಳಿದ್ರೆ ನಾನು ಸುಮ್ಮನಿರ್ತಿದ್ದೆನೋ ಏನೋ ಅಮ್ಮ. ಕೇಳ್ಲಿಲ್ಲ. ಅದೇ ನನ್ನ ಹಿಡ್ಕೊಂಡ್ಬಿಡ್ತು."

ಆ ಮಧ್ಯಾಹ್ನದಿಂದ ಎರಡು ದಿನ ಚಿಕ್ಕ ಹುಡುಗಿಯರಿಗೆ ತಲೆ ಬಾಚುವಾಗ, ಕೆರೆಯ ಏರಿಯ ಮೇಲೆ ಸಾಲಾಗಿ ನಡೆಸಿಕೊಂಡು ಹೋಗುವಾಗ, ಪ್ರಾರ್ಥನೆಯಲ್ಲಿ, ಎಲ್ಲಿದ್ದರೂ ಒಂದೇ ಯೋಚನೆಯಂತೆ: ನಾನು ಕೆಳಗೆ ಮಲಗಬಲ್ಲೆ, ನನ್ನ ಮಂಡಿ ಚೆನ್ನಾಗಿದೆ. ಇದು ತನ್ನ ತಲೆಯಿಂದ ಬಂದದ್ದೋ ದೇವರಿಂದ ಬಂದದ್ದೋ ಎಂದು ಪರೀಕ್ಷೆ ಮಾಡಲು ಒಂದು ದಿನ ಬೇಕೆಂದೇ ಮರೆಯಲು ನೋಡಿದಳಂತೆ. ಆಗಲಿಲ್ಲ. ಎದ್ದು ನಿಂತಾಗ ಹೆದರಿಕೆಯಾಯಿತೇ ಎಂದು ಕೇಳಿದೆ. ಇಲ್ಲ, ಹಸಿವಾಯಿತು ಅಂದಳು. ಇಬ್ಬರೂ ನಕ್ಕೆವು. ನನ್ನ ಫೋನಿನ ಮಾತಿಗೆ ನಾನು ಅಲ್ಲೇ ಕ್ಷಮೆ ಕೇಳಿದೆ. ಅವಳು ಸಾಬೂನಿನ ಕೈಯಿಂದಲೇ ನನ್ನ ಗಲ್ಲ ಹಿಡಿದಳು.

ಹಾಸ್ಟೆಲಿನ ಸೇವೆಗೆ ಸೇರುವ ಅರ್ಜಿಯಲ್ಲಿ ತಂದೆ ತಾಯಿ ಇಬ್ಬರ ರುಜುವೂ ಬೇಕು, ತಿಂಗಳ ಕೊನೆಯೊಳಗೆ ತಲುಪಬೇಕು. ನಮ್ಮ ಯಜಮಾನರು ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್, ಇಲ್ಲೇ ನಮ್ಮೂರು ಅರಸೀಕೆರೆ ಜಂಕ್ಷನ್ನಿನಲ್ಲಿ; ಗಾಡಿಗೆ ಹಳಿ ಬದಲಿಸುವುದು, ಬಾವುಟ ತೋರಿಸುವುದು ಅವರ ಕೆಲಸ. ಮಾತು ಕಡಿಮೆ. ಅರ್ಜಿ ಓದಿ, ಮಡಿಸಿ, ಕನ್ನಡಕದ ಡಬ್ಬದ ಕೆಳಗಿಟ್ಟರು. ದೂರದ ಊರು, ಕಾಲ ಹೇಗಿದೆ ನೋಡು, ಮದುವೆಯ ಗತಿಯೇನು ಎಂದೆಲ್ಲ ಅನ್ನುತ್ತಾರೆ ಅಂತ ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವರು ಅದಾವುದನ್ನೂ ಅನ್ನಲಿಲ್ಲ. ಮಗಳು ಹೊರಗೆ ಹೋದದ್ದನ್ನು ನೋಡಿಕೊಂಡು, "ನಿನ್ನ ಹರಕೆ ತೀರಿಸೋಕೆ ನನ್ನ ಮಗಳನ್ನ ಕಳಿಸಲ್ಲ ಕಣೆ" ಅಂದರು.

ಬಿಸಿ ಮುಟ್ಟಿದ ಹಾಗಾಯಿತು. ಯಾಕೆಂದರೆ ಅಷ್ಟು ಹೊತ್ತಿಗೆ ನನ್ನ ಮನಸ್ಸು ಒಳಗೊಳಗೇ ಒಂದು ಸಮಾಧಾನ ಕಟ್ಟಿಕೊಂಡಿತ್ತು: ಮಗನಿಲ್ಲದಿದ್ದರೆ ಮಗಳು, ಹೇಗೂ ಈ ಮನೆಯಿಂದ ಒಬ್ಬರು ಹೋದರೆ ಕೊಟ್ಟ ಮಾತು ಉಳಿಯಿತು. ಅದು ಅವರಿಗೆ ಕಂಡುಬಿಟ್ಟಿತ್ತು. ಅಣ್ಣ ನಿಲ್ಲಲಾರ ಅಂತ ಕಂಡು, ಅಮ್ಮನ ಮರ್ಯಾದೆ ಉಳಿಸಲು ಅವಳು ನಿಂತಿದ್ದಾಳೆ ಎಂದು ಅವರ ಲೆಕ್ಕ. ಇಲ್ಲ ಎನ್ನಲು ನನ್ನ ಹತ್ತಿರ ಏನು ಸಾಕ್ಷಿಯಿತ್ತು? ಮಗ ಎರಡು ಸಲ ನನಗೋಸ್ಕರ ಕಾಲು ಊರಿರಲಿಲ್ಲವೇ?

ಅಯ್ಯನವರನ್ನು ನೋಡಲು ಹೋದೆ. ಚರ್ಚಿನ ಮುಂದಿನ ಗುಲಾಬಿ ಕುಂಡಗಳಿಗೆ ಚೊಂಬಿನಲ್ಲಿ ಅಳೆದಳೆದು ನೀರು ಹಾಕುತ್ತಿದ್ದರು. ಎಲ್ಲ ಹೇಳಿಕೊಂಡೆ. ಹರಕೆಯನ್ನು ಮಗನಿಂದ ಮಗಳಿಗೆ ಬದಲಾಯಿಸಬಹುದೇ ಎಂದು ಕೇಳಿದೆ. ಅವರು ಚೊಂಬು ಕೆಳಗಿಟ್ಟರು.

"ಅಮ್ಮ, ಹುಡುಗ ಬದುಕಿದ್ದು ಕೃಪೆ. ಅದಕ್ಕೆ ಬೆಲೆ ಕಟ್ಟಿದ್ದು ನೀವು, ದೇವರು ಕೇಳಿರಲಿಲ್ಲ. ಈಗ ಮಗಳನ್ನ ಅವನ ಬದಲಿಗೆ ಅಂತ ಕಳಿಸಬೇಡಿ. ಅವಳು ಹೋಗೋದಾದ್ರೆ ಅವಳಾಗೇ ಹೋಗ್ಲಿ."

ಅಷ್ಟು ವರ್ಷದಿಂದ ಯಾರ ಮುಂದೆಯೂ ಹೇಳಿರದ ಭಯವನ್ನು ಹೇಳಿದೆ: ಕೊಟ್ಟ ಮಾತನ್ನು ನಾನು ಬಿಟ್ಟರೆ, ಕೊಟ್ಟ ಉಸಿರನ್ನು ದೇವರು ವಾಪಸು ತೆಗೆದುಕೊಂಡರೆ? ಮಗ ಬೈಕಿನಲ್ಲಿ ಹೊರಟಾಗಲೆಲ್ಲ ನನಗೆ ಇದೇ. ಅಯ್ಯನವರು ನಗಲಿಲ್ಲ, ಬಯ್ಯಲೂ ಇಲ್ಲ. ನೀವು ನಿಮ್ಮ ಮಗನಿಗೆ ಕೊಟ್ಟ ರೊಟ್ಟಿಯನ್ನು ಅವನು ಹೇಳಿದ ಮಾತು ಕೇಳಲಿಲ್ಲ ಅಂತ ತಟ್ಟೆಯಿಂದ ಕಿತ್ತುಕೊಳ್ಳುತ್ತೀರಾ ಎಂದು ಕೇಳಿದರು. ಇಲ್ಲ ಅಂದೆ. ಮತ್ತೆ ದೇವರನ್ನು ನಿಮಗಿಂತ ಕೆಟ್ಟ ತಾಯಿ ಅಂತ ಯಾಕೆ ತಿಳಿದಿದ್ದೀರಿ ಅಂದರು. ಆಮೇಲೆ ಚೊಂಬನ್ನು ಎತ್ತಿಕೊಂಡು, ಹರಕೆ ಹೇಳಿದ್ದು ಎಲ್ಲರ ಮುಂದೆ ಅಲ್ಲವೇ, ಬಿಡುವುದೂ ಅಲ್ಲೇ ಆದರೆ ಒಳ್ಳೆಯದು ಎಂದು ಸೇರಿಸಿದರು.

ಆ ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ನಾಲ್ಕು ದಿನವೂ ನನಗೆ ಇನ್ನೊಂದು ಅಂಜಿಕೆ. ಹರಕೆ ಬಿಟ್ಟೆನೆಂದು ನಾನು ಹೇಳಿದ ಮೇಲೆ ಮಗಳು, ಸದ್ಯ, ಹಾಗಾದರೆ ನಾನು ಹೋಗಬೇಕಾಗಿಲ್ಲ ಎಂದುಬಿಟ್ಟರೆ? ಆ ಮುಖ, ಆ ಕಣ್ಣು ಎಲ್ಲ ನನ್ನನ್ನು ಸಂತೋಷಪಡಿಸಲಿಕ್ಕೇ ಆಗಿದ್ದರೆ? ನನ್ನ ಬೇಡಿಕೆಯಿಲ್ಲದೆ ಅವಳ ಕರೆ ನಿಲ್ಲುತ್ತದೋ ಬೀಳುತ್ತದೋ ಅಂತ ನೋಡದೆ ಬೇರೆ ದಾರಿಯೇ ಇರಲಿಲ್ಲ.

ಭಾನುವಾರ ಸ್ತೋತ್ರ ಸಲ್ಲಿಸುವ ಹೊತ್ತಿಗೆ ಎದ್ದು ಮುಂದೆ ಹೋದೆ. ಮನೆಯವರಿಗೆ ಹೇಳಿರಲಿಲ್ಲ. ಯಜಮಾನರು ಬೆಂಚಿನಲ್ಲೇ ಬೆನ್ನು ನೆಟ್ಟಗೆ ಮಾಡಿದರು. ನಾನು ಹೇಳಿದ್ದು ಇಷ್ಟೇ. ನನ್ನ ಮಗನನ್ನು ದೇವರು ಬದುಕಿಸಿದರು, ಅದಕ್ಕೆ ಸ್ತೋತ್ರ. ಅವನು ಸೇವೆಗೆ ಹೋಗಬೇಕೆಂದು ನಾನು ಇಲ್ಲೇ ನಿಂತು ಹೇಳಿದ್ದೆ. ದೇವರು ಅವನನ್ನು ಕರೆಯುವ ಮೊದಲೇ ನಾನು ಕರೆದುಬಿಟ್ಟಿದ್ದೆ. ಅದು ತಪ್ಪು, ಆ ಹೊರೆಯನ್ನು ಇವತ್ತು ಅವನ ಮೇಲಿಂದ ತೆಗೆಯುತ್ತೇನೆ. ನನ್ನ ಯಾವ ಮಗುವಿನ ಮೇಲೂ ನನ್ನ ಹರಕೆ ಇಲ್ಲ. ದಯವಿಟ್ಟು ಇನ್ನುಮುಂದೆ ಯಾರೂ ಅವನನ್ನು ಚಿಕ್ಕ ಅಯ್ಯನೋರು ಅನ್ನಬೇಡಿ.

ಮುಂದಿನ ಬೆಂಚಿನಲ್ಲಿ ಕೂರುವ ನಮ್ಮ ಸಭೆಯ ಹಿರಿಯಜ್ಜಿಗೆ ಸುಮ್ಮನಿರುವ ಅಭ್ಯಾಸವಿಲ್ಲ. "ಮತ್ತೆ ಏನಂತ ಕರೀಬೇಕವ್ವ ಇನ್ಮ್ಯಾಲೆ?" ಅಂತ ಗಟ್ಟಿಯಾಗಿ ಕೇಳಿತು.

ಹಿಂದಿನಿಂದ ಮಗ, "ಬ್ಯಾಟರಿ ಅನ್ನಿ ಅಜ್ಜಿ, ಸಾಕು" ಅಂದ.

ನಗು ಹಿಂದಿನ ಬೆಂಚಿನಿಂದ ಹೊರಟು ಅಯ್ಯನವರವರೆಗೂ ಹೋಯಿತು. ಅಂಥ ನಗು ನಮ್ಮ ಚರ್ಚಿನಲ್ಲಿ ನಾನು ಕೇಳಿರಲಿಲ್ಲ. ಮುಂದಿನ ಹಾಡನ್ನು ಮಗ ಎಷ್ಟು ಜೋರಾಗಿ ಹಾಡಿದನೆಂದರೆ ಶ್ರುತಿ ಎಲ್ಲೋ ಹೋಯಿತು, ಯಾರೂ ತಿದ್ದಲಿಲ್ಲ.

ಮಗಳ ಮುಖ ನೋಡಲು ಧೈರ್ಯವಾಗದೆ ನಾನು ನೆಲ ನೋಡಿಕೊಂಡು ಬಂದು ಕೂತೆ.

ಮನೆಗೆ ಬಂದು ಯಜಮಾನರು ಅಂಗಿ ಗೂಟಕ್ಕೆ ಹಾಕಿದರು. ಮಗಳನ್ನು ಕರೆದು ಎದುರಿಗೆ ಕೂರಿಸಿಕೊಂಡರು. ನಾನು ಬಾಗಿಲ ಹತ್ತಿರ ನಿಂತೆ. ಕೊತ್ತಂಬರಿ ಕಟ್ಟು ಕೈಯಲ್ಲಿತ್ತು, ಅದರ ಎಲೆಯನ್ನೆಲ್ಲ ನೆಲಕ್ಕೆ ಉದುರಿಸುತ್ತಿದ್ದೆ ಅಂತ ಆಮೇಲೆ ಗೊತ್ತಾಯಿತು.

"ಈಗ ನಿಮ್ಮಮ್ಮನ ಹರಕೆ ಇಲ್ಲ. ಯಾರಿಗೂ ನೀನು ಏನೂ ತೀರಿಸಬೇಕಾಗಿಲ್ಲ. ಈಗ ಹೇಳು, ಹೋಗ್ತೀಯಾ?"

ಮಗಳು ನಕ್ಕಳು. ಅಪ್ಪನ ಪ್ರಶ್ನೆ ಅರ್ಥವಾಗಲು ಅವಳಿಗೆ ಒಂದು ಕ್ಷಣ ಹಿಡಿಯಿತು, ಅದನ್ನು ನಾನು ಕಂಡೆ. ಹರಕೆಯ ವಿಷಯ ಅವಳ ತಲೆಯಲ್ಲೇ ಇರಲಿಲ್ಲ.

"ಅದು ಅಣ್ಣಂದಲ್ವಾ ಅಪ್ಪ? ನನ್ನ ಹೆಸರು ಅದ್ರಲ್ಲಿ ಯಾವತ್ತಿತ್ತು? ನನ್ನನ್ನ ಬೇರೆಯಾಗೇ ಕರೆದಿದ್ದಾರೆ. ನಾನು ಹೋಗ್ತೀನಿ."

ಇಪ್ಪತ್ತೊಂದು ವರ್ಷ ಅವಳಿಗಾಗಿ ಏನೂ ಕೇಳಿಕೊಳ್ಳದೆ ಇದ್ದದ್ದಕ್ಕೆ ನಾನು ಆ ವಾರವೆಲ್ಲ ನಾಚಿದ್ದೆ. ಆ ಮಾತು ಕೇಳಿದಾಗ ನಾಚಿಕೆಯ ಜೊತೆಗೇ ಸಂತೋಷವೂ ಬಂತು. ನಾನು ಕೈ ಹಾಕದೆ ಬಿಟ್ಟ ಕಡೆ ದೇವರು ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದರು.

ಯಜಮಾನರು ಸರಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಊಟ ಮಾಡಿ ಮಲಗಿದರು. ಮಾರನೆಯ ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವರು ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಪೆನ್ಸಿಲಿನಲ್ಲಿ ಏನೋ ಬರೆಯುತ್ತ ಕೂತರು. ಕಾಫಿ ಇಡುವ ನೆಪದಲ್ಲಿ ಇಣುಕಿದೆ. ಹುಬ್ಬಳ್ಳಿ, ವಿಜಯವಾಡ, ಅಲ್ಲಿಂದ ಮುಂದೆ. ಪ್ರತಿ ಊರಿನ ಎದುರಿಗೆ ಗಾಡಿ ಮುಟ್ಟುವ ಹೊತ್ತು, ಬಿಡುವ ಹೊತ್ತು. ಒಂದು ಕಡೆ ಹೊಡೆದುಹಾಕಿ ಮತ್ತೆ ಬರೆದಿದ್ದರು.

"ವಿಜಯವಾಡದಲ್ಲಿ ಇಪ್ಪತ್ತು ನಿಮಿಷ ಸಾಲಲ್ಲ," ಎಂದರು ನನ್ನ ಕಡೆ ನೋಡದೆ. "ಗಾಡಿ ಲೇಟಾ ಬಂದ್ರೆ ಹುಡುಗಿ ಓಡ್ಬೇಕಾಗುತ್ತೆ. ಮುಂದಿನ ಗಾಡಿಗೇ ಹೋಗ್ಲಿ."

ಕನ್ನಡಕದ ಡಬ್ಬದ ಕೆಳಗಿನಿಂದ ಅರ್ಜಿ ತೆಗೆದು ಅವರ ಮುಂದಿಟ್ಟೆ. ಅವರು ಡ್ಯೂಟಿ ಪುಸ್ತಕಕ್ಕೆ ಹಾಕುವಂಥದೇ ಪೂರ್ತಿ ರುಜು ಹಾಕಿದರು. ಅದರ ಕೆಳಗೆ ನಾನು ಹಾಕಿದೆ.

ಆಮೇಲಿನ ವಾರಗಳೆಲ್ಲ ಹಬ್ಬದ ಮನೆಯ ಹಾಗಿದ್ದವು. ನಾನು ಮಗಳ ಹಿಂದೆ ಮುಂದೆ ಸುತ್ತಿ ಅವಳಿಗೆ ಏನಿಷ್ಟವೆಂದು ಕೊನೆಗೂ ಪತ್ತೆಹಚ್ಚಿದೆ. ಹುರುಳಿಕಾಳಿನ ಬಸ್ಸಾರು, ಅದರ ಪಲ್ಯಕ್ಕೆ ಜಾಸ್ತಿ ತೆಂಗಿನತುರಿ. ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲವೇ ಅಂದರೆ, ಆಗಾಗ ಹೇಗೂ ಮಾಡುತ್ತಿದ್ದೆಯಲ್ಲ ಅಂದಳು. ಮಗ ಅವಳಿಗೆ ಟಾರ್ಚು ತಂದುಕೊಟ್ಟ, ಅದರ ಬ್ಯಾಟರಿ ಹೇಗೆ ನೋಡಿಕೊಳ್ಳಬೇಕೆಂದು ಅರ್ಧ ಗಂಟೆ ಪ್ರಸಂಗ ಮಾಡಿದ. ಅವನಿಂದ ನಾನು ಕೇಳಿದ ಮೊದಲ ಪ್ರಸಂಗ, ಚೆನ್ನಾಗಿಯೇ ಇತ್ತು. ಪಕ್ಕದ ಮನೆಯ ಅಕ್ಕ ಒಂದು ಡಬ್ಬ ಕೋಡುಬಳೆ ಕರಿದು ತಂದು, ಇದು ನಿನಗೆ, ಹಾಸ್ಟೆಲಿನ ಮಕ್ಕಳಿಗೆ ಹಂಚಿಬಿಡಬೇಡ, ಮೊದಲು ನೀನು ತಿನ್ನು ಎಂದು ಆಣೆ ಹಾಕಿದರು. ಹೊಸ ಮಕ್ಕಳಿಗೆ ಮೊದಲು ಹೇನು ತೆಗೆಯುವ ಕೆಲಸವಂತೆ ಎಂದು ಮಗಳು ಹೇಳಿದಾಗ, ಅಕ್ಕ ತಮ್ಮ ತಾಯಿಯ ಕಾಲದ ಒಂದು ಸೀರಣಿಗೆಯನ್ನೂ ಕೊಟ್ಟರು.

ಜೂನಿನಲ್ಲಿ ಒಂದು ಬೆಳಿಗ್ಗೆ ಅವಳು ಹೊರಟಳು. ಹುಬ್ಬಳ್ಳಿಯಲ್ಲಿ ಆ ಸಿಸ್ಟರ್ ಅವಳನ್ನು ಜೊತೆ ಮಾಡಿಕೊಳ್ಳುವ ಏರ್ಪಾಡು. ಸಭೆಯವರು ಹತ್ತಿಪ್ಪತ್ತು ಜನ ಪ್ಲಾಟ್‌ಫಾರಂಗೆ ಬಂದಿದ್ದರು. ಹಿರಿಯಜ್ಜಿಯಂತೂ ಗಾಡಿ ಬರುವ ಮೊದಲೇ ಹಾಡು ಶುರುಮಾಡಿಬಿಟ್ಟಿತು. ಯಜಮಾನರು ಆ ದಿನ ರಜೆ ಹಾಕಿರಲಿಲ್ಲ. ಬೇಕೆಂದೇ ಡ್ಯೂಟಿ ಹಾಕಿಸಿಕೊಂಡಿದ್ದರು ಎಂದು ಆಮೇಲೆ ಅವರ ಜೊತೆಯವರು ಹೇಳಿದರು. ಗಾಡಿ ಕದಲಿತು. ಪ್ಲಾಟ್‌ಫಾರಂನ ತುದಿಯಲ್ಲಿ ಸಮವಸ್ತ್ರದಲ್ಲಿ ನಿಂತು ಹಸಿರು ಬಾವುಟ ಹಿಡಿದವರು ಅವರೇ. ಮಗಳು ಬಾಗಿಲಿನಿಂದ ಕೈಬೀಸಿ, "ಅಪ್ಪಾ, ಬಾವುಟ ನೆಟ್ಟಗೆ ಹಿಡಿ" ಅಂತ ಕೂಗಿದಳು. ಅವರು ನಿಜವಾಗಿಯೂ ನೆಟ್ಟಗೆ ಮಾಡಿದರು. ಕೊನೆಯ ಬೋಗಿ ದಾಟಿತು. ಅವರು ಅಳುತ್ತಾರೇನೋ ಎಂದು ಹತ್ತಿರ ಹೋದೆ. ಒಂದು ನಂಬರ್ ಲೈನಿಗೆ ಗೂಡ್ಸ್ ಬರುತ್ತಿದೆ, ಪಕ್ಕಕ್ಕೆ ನಿಲ್ಲು ಅಂದರು.

ಮಗ ನನ್ನನ್ನು ಬೈಕಿನಲ್ಲಿ ಮನೆಗೆ ಬಿಟ್ಟು ಅಂಗಡಿಗೆ ಹೊರಟ. ಅವನು ತಿರುವು ದಾಟುವವರೆಗೂ ನೋಡುತ್ತ ನಿಲ್ಲುವುದು ನನ್ನ ರೂಢಿ. ಅವತ್ತೂ ನಿಂತೆ, ಆದರೆ ಎದೆ ಹೊಡೆದುಕೊಳ್ಳಲಿಲ್ಲ. ಅಷ್ಟರಲ್ಲಿ ಕಾಂಪೌಂಡಿನ ಆ ಕಡೆಯಿಂದ ಅಕ್ಕನ ದನಿ.

"ಬೇಗ ಬಾರೆ, ನಲ್ಲೀಲಿ ನೀರು ಬಿಟ್ಟವ್ರೆ. ನಿನ್ನ ಮೊದಲ್ನೇ ಡ್ರಮ್ಮಿಗೆ ನಾನೇ ಪೈಪು ಹಾಕಿವ್ನಿ, ತುಂಬೋಕೆ ಬಂದೈತೆ."

ಹತ್ತು ದಿನಕ್ಕೆ ಬಂದ ನೀರು. ಒಳ್ಳೆಯ ರಭಸವಿತ್ತು. ನಾನು ಚಪ್ಪಲಿ ಬಿಟ್ಟು, ಒಳ್ಳೆಯ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪೈಪನ್ನು ಎರಡನೆಯ ಡ್ರಮ್ಮಿಗೆ ತಿರುಗಿಸಿದೆ.